ಭೀಮಗೊಂಡ ಸರ್ ಬಾಯೊಳಗಿನ ಅಸ್ತರ

ಖಾನಾಪುರದ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಭೀಮಗೊಂಡ ಸರ್ ಅವರಿಗೆ ಅತಿ ಪ್ರೀತಿಯ ಪಾಠವೆಂದರೆ ಶಿಲೀಂಧ್ರಗಳದ್ದು. ಬೆಚ್ಚಗಿನ, ಒದ್ದೆಯ, ಕತ್ತಲೆಯ ಜಾಗವೊಂದು ಸಿಕ್ಕರೆ ಕರೆಯದೆಯೂ ಬಂದು ಸಂಸಾರ ಹೂಡುವ ಜೀವಗಳಿವು ಎಂದು ಅವರು ಶುರು ಮಾಡುತ್ತಿದ್ದರು. ಉದಾಹರಣೆಗೆ ಪರದಾಡಬೇಕಾದ ಊರಲ್ಲ ಅದು. ಮಳೆಗಾಲದಲ್ಲಿ ಯಾವ ಹುಡುಗನ ಚರ್ಮದ ಬೆಲ್ಟು ಬಿಚ್ಚಿಸಿ ಎತ್ತಿ ಹಿಡಿದರೂ ಬಿಳಿ ಬೂಷ್ಟು ಕಾಣುತ್ತಿತ್ತು. ಬೆಲ್ಟು ಸಿಗದ ದಿನ ಸರ್ ತಮ್ಮ ಚಪ್ಪಲಿಯನ್ನೇ ಮೇಜಿನ ಮೇಲೆ ಇಡುತ್ತಿದ್ದರು. ಇಂಥ ಮನುಷ್ಯನ ಬಾಯಲ್ಲೇ ಶಿಲೀಂಧ್ರ ಬೆಳೆಯಿತು. ಬೆಳೆದದ್ದು ತಿಂಗಳುಗಟ್ಟಲೆ ಅವರಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಅವರು ಏನು ಮಾಡಿದರೆಂಬುದನ್ನು ಈಗ ಯಾರಾದರೂ ಕೇಳಿದರೂ, ಕೇಳದಿದ್ದರೂ, ಅವರೇ ಹೇಳಿಕೊಂಡು ನಗುತ್ತಾರೆ. ಆಗ ಮಾತ್ರ ನಗು ಬಂದಿರಲಿಲ್ಲ.

ಸರ್ ಅವರ ಹಲ್ಲುಗಳು ಅವರಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದವು. ವಸಡು ಸಡಿಲಾಗಿ ಒಂದೊಂದೇ ಉದುರಿ, ಉಳಿದ ನಾಲ್ಕಾರನ್ನು ಕೀಳಿಸಿ, ಮೇಲೆ ಕೆಳಗೆ ಪೂರ್ತಿ ಸೆಟ್ಟು ಕೂರಿಸಿಕೊಂಡರು. ನೋಡಲು ಚೆಂದದ ಹಲ್ಲು. ಕನ್ನಡಿಯ ಮುಂದೆ ನಿಂತು ತಮಗೆ ತಾವೇ ಒಂದೆರಡು ಸಲ ನಕ್ಕದ್ದೂ ಉಂಟು. ಆದರೆ ಮೇಲಿನ ಸೆಟ್ಟು ನಿಲ್ಲುತ್ತಿರಲಿಲ್ಲ. ಗೆಳೆಯ ಗುರುಪಾದಪ್ಪ ಅಂಚೆ ಕಚೇರಿಯಿಂದ ನಿವೃತ್ತರಾದಾಗ ಬೀಳ್ಕೊಡುಗೆಯ ಭಾಷಣಕ್ಕೆ ನಿಂತ ಸರ್, ‘ಪ್ರಾಮಾಣಿಕ’ ಎನ್ನುವಷ್ಟರಲ್ಲಿ ಅದು ಸೀದಾ ನಾಲಿಗೆಯ ಮೇಲೆ ಬಿತ್ತು. ಬಾಯಿ ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಕೈ ಮುಗಿದು ಕೂತುಬಿಟ್ಟರು. ಗೆಳೆಯನ ಮೇಲಿನ ಪ್ರೀತಿಗೆ ಗಂಟಲು ಕಟ್ಟಿತೆಂದು ತಿಳಿದು ಸಭೆ ಚಪ್ಪಾಳೆ ತಟ್ಟಿತು. ಗುರುಪಾದಪ್ಪ ಎದ್ದು ಬಂದು ಅಪ್ಪಿಕೊಂಡರು. ತಮ್ಮ ಭಾಷಣಗಳಲ್ಲೆಲ್ಲ ಜನರಿಗೆ ಬಹಳ ಹಿಡಿಸಿದ್ದು ಅದೊಂದೇ ಎಂದು ಸರ್ ಒಪ್ಪಿಕೊಳ್ಳುತ್ತಾರೆ.

ಅದಾದ ಮೇಲೆ ಊರಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಸೆಟ್ಟಿನ ಒಳಮೈಗೆ ಅಸ್ತರ ಹಾಕಿಸಿದರು. ಕೋಟಿನ ಒಳಗೆ ಮೆತ್ತಗಿನ ಬಟ್ಟೆ ಹೊಲಿಯುವುದಿಲ್ಲವೇ, ಹಾಗೆ ಇದು ರಬ್ಬರಿನಂಥ ಒಂದು ಮೆತ್ತನೆಯ ಪದರ. ವಸಡಿಗೆ ಒತ್ತುವುದಿಲ್ಲ, ಅಂಗುಳಕ್ಕೆ ಅಂಟಿ ಕೂರುತ್ತದೆ. ಹೆಂಡತಿ ಜಿನಮತಿಗೂ ಅದೇ ಡಾಕ್ಟರು ಕಟ್ಟಿದ ಸೆಟ್ಟು ಇತ್ತು, ಅವರೂ ಅದಕ್ಕೆ ಅಸ್ತರ ಹಾಕಿಸಿಕೊಂಡರು. ಡಾಕ್ಟರು ಇಬ್ಬರಿಗೂ ಒಂದೇ ಮಾತು ಹೇಳಿ ಕಳಿಸಿದರು. ಈ ಪದರ ಮೆತ್ತಗಿದೆ, ಅದಕ್ಕೇ ಹೊಲಸನ್ನೂ ಬೇಗ ಹಿಡಿದುಕೊಳ್ಳುತ್ತದೆ. ರಾತ್ರಿ ತೆಗೆದು ತೊಳೆದು ನೀರಿನಲ್ಲಿ ಇಡಬೇಕು. ಸರ್ ತಲೆಯಾಡಿಸಿದರು, ಮನೆಗೆ ಬಂದರು, ತೆಗೆಯಲಿಲ್ಲ.

ಅವರ ಬಳಿ ಒಂದು ಘನವಾದ ಕಾರಣವಿತ್ತು. ಜೈನರಾದ ಅವರಿಗೆ ಮಲಗುವ ಮುನ್ನ ಣಮೋಕಾರ ಮಂತ್ರ ಹೇಳುವುದು ರೂಢಿ. ನಿದ್ದೆಯಲ್ಲಿಯೇ ಪ್ರಾಣ ಹೋಯಿತೆನ್ನಿ, ಕೊನೆಗೆ ಹೇಳಿದ ಮಂತ್ರ ಸ್ಪಷ್ಟವಾಗಿರಬೇಡವೇ? ಬೋಳು ಬಾಯಲ್ಲಿ ‘ಸಿದ್ಧಾಣಂ’ ಅಂದರೆ ಸೈಕಲ್ಲಿನ ಗಾಳಿ ಬಿಟ್ಟ ಹಾಗೆ ಕೇಳಿಸುತ್ತದೆ. ಇದನ್ನು ಅವರು ಗಂಭೀರವಾಗಿಯೇ ಜಿನಮತಿಗೆ ವಿವರಿಸಿದರು. ಮುಕ್ತರಾದ ಸಿದ್ಧರಿಗೆ ಅಷ್ಟು ತಿಳಿಯದೇ ಹೋಗುತ್ತದೆಯೇ ಎಂದು ಜಿನಮತಿ ಕೇಳಿದರು. ಖರೇ ಕಾರಣ ಇನ್ನೊಂದಿತ್ತು. ಕೆನ್ನೆ ಒಳಗೆ ಸೇದಿಕೊಂಡ, ಗದ್ದ ಮೂಗಿಗೆ ಹತ್ತಿರ ಬಂದ ತಮ್ಮ ಮುಖವನ್ನು ಹೆಂಡತಿ ನೋಡಬಾರದು. ಅದನ್ನು ಮಾತ್ರ ಅವರು ಯಾರಿಗೂ ವಿವರಿಸಲಿಲ್ಲ.

ಜಿನಮತಿಗೆ ಅಂಥ ಹಂಗು ಇರಲಿಲ್ಲ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಿತೆಂದರೆ ಅವರ ಹಲ್ಲಿನ ಡ್ಯೂಟಿಯೂ ಮುಗಿಯಿತು. ಬ್ರಷ್ಷಿನಿಂದ ಉಜ್ಜಿ, ಸ್ಟೀಲಿನ ಬಟ್ಟಲಲ್ಲಿ ಮುಳುಗಿಸಿಟ್ಟು, ಬೋಳು ಬಾಯಲ್ಲೇ ಧಾರಾವಾಹಿ ನೋಡುತ್ತಿದ್ದರು, ಬಾಜು ಮನೆಯವರ ಜೊತೆ ಮರಾಠಿಯಲ್ಲಿ ಹರಟುತ್ತಿದ್ದರು, ಬೆಳಗಾವಿಯಲ್ಲಿದ್ದ ಮಗಳಿಗೆ ವೀಡಿಯೋ ಕಾಲ್ ಕೂಡ ಮಾಡುತ್ತಿದ್ದರು. ಇಷ್ಟು ಕಲಿತ ಮನೆತನದ ಹೆಂಗಸು ಹೀಗೆ ಮಾಡಬಹುದೇ ಎಂದು ಸರ್ ಒಳಗೊಳಗೇ ಮುಜುಗರಪಡುತ್ತಿದ್ದರು.

ಹೋಳಿ ಹುಣ್ಣಿಮೆಯ ಹೊತ್ತಿಗೆ ಅವರ ಬಾಯಿ ಉರಿಯಲು ಶುರುವಾಯಿತು. ಮೊದಲು ಕೆಂಪು ಚಟ್ನಿಗೆ, ಆಮೇಲೆ ಸಾರಿಗೆ, ಕೊನೆಗೆ ಬಿಸಿ ಚಹಾಕ್ಕೂ ಉರಿ. ತಪ್ಪು ಚಟ್ನಿಯದೆಂದು ಸರ್ ತೀರ್ಪು ಕೊಟ್ಟರು. ಜಿನಮತಿ ಮೆಣಸಿನಕಾಯಿ ಕಡಿಮೆ ಮಾಡಿದರು, ಬಿಟ್ಟೇಬಿಟ್ಟರು, ಮನೆಯ ಅಡಿಗೆ ಆಸ್ಪತ್ರೆಯ ಅಡಿಗೆಯಂತಾಯಿತು, ಉರಿ ಹಾಗೆಯೇ ಉಳಿಯಿತು. ಇದು ಪಿತ್ತ ಎಂದರು ಸರ್. ಪಿತ್ತದ ಪುಡಿ ನಾಟದಿದ್ದಾಗ ವಿಟಮಿನ್ ಕೊರತೆ ಎಂದರು. ಗುಳಿಗೆ ನುಂಗಿದರು. ಬೆಚ್ಚಗಿನ, ಒದ್ದೆಯ, ಕತ್ತಲೆಯ ಜಾಗ ಎಂಬ ಮಾತನ್ನು ಸಾವಿರ ಸಲ ಆಡಿದ ಬಾಯಿ ಅದು. ಆ ಜಾಗ ಅದೇ ಬಾಯಿ ಎಂದು ಅವರಿಗೆ ಹೊಳೆಯಲಿಲ್ಲ.

ಮಗಳು ತ್ರಿಶಲಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಬೆಳಗಾವಿಗೆ ಹೊಂದಿದ ಪೀರನವಾಡಿಯಲ್ಲಿ ಮನೆ ಮಾಡಿದ್ದಳು. ಅಪ್ಪ ಫೋನಿನಲ್ಲಿ ಹೇಳುವ ರೋಗದ ಹೆಸರು ವಾರಕ್ಕೊಮ್ಮೆ ಬದಲಾಗುವುದನ್ನು ಕೇಳಿ ಕೇಳಿ ಬೇಸತ್ತು, ಒಂದು ಶನಿವಾರ ಇಬ್ಬರನ್ನೂ ಕರೆಸಿಕೊಂಡು ಬೆಳಗಾವಿಯ ಒಂದು ದಂತ ಕಾಲೇಜಿಗೆ ಕರೆದೊಯ್ದಳು. ಅಲ್ಲಿ ಅವರನ್ನು ನೋಡಿದವಳು ವರದಾ ಎಂಬ ಸ್ನಾತಕೋತ್ತರ ವಿದ್ಯಾರ್ಥಿನಿ. ಬೆಳಗಾವಿಯದೇ ಹುಡುಗಿ, ಮಾತು ಕಡಿಮೆ, ಕೈ ಮೆತ್ತಗೆ. ಮೇಲಿನ ಸೆಟ್ಟು ತೆಗೆದು ಒಳಗೆ ದೀಪ ಬಿಟ್ಟು ನೋಡಿದಳು. ಅಂಗುಳವೆಲ್ಲ ಕೆಂಪು, ಅದೂ ಸೆಟ್ಟಿನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಗೆರೆ ಎಳೆದ ಹಾಗೆ ನಿಂತಿತ್ತು. ಹತ್ತಿಯ ಕಡ್ಡಿಯಿಂದ ಅಸ್ತರದ ಮೇಲೆ ಒರೆಸಿಕೊಂಡು, ಮುಂದಿನ ವಾರ ಬನ್ನಿ ಎಂದಳು. ಜಿನಮತಿಯ ಬಾಯನ್ನೂ ನೋಡಿ ಮಾದರಿ ತೆಗೆದುಕೊಂಡಳು.

ಮುಂದಿನ ವಾರ ಅವಳು ಗಾಜಿನ ಒಂದು ತಟ್ಟೆ ತಂದು ಅವರ ಮುಂದೆ ಹಿಡಿದಳು. ಅದರ ತುಂಬ ಕೆನೆಯ ಬಣ್ಣದ, ದುಂಡಗಿನ, ಹೊಳೆಯುವ ಚುಕ್ಕೆಗಳು. ಹುದುಗಿದ ಹಿಟ್ಟಿನ ವಾಸನೆ. ಸರ್ ಅವರ ಮುಖ ಅರಳಿತು. ತಟ್ಟೆಯನ್ನು ಬೆಳಕಿಗೆ ಹಿಡಿದು, ಇದು ಕ್ಯಾಂಡಿಡಾ, ಒಂದು ಬಗೆಯ ಯೀಸ್ಟು, ಮೊಗ್ಗು ಒಡೆದು ಬೆಳೆಯುತ್ತದೆ, ಎಷ್ಟು ಚೆನ್ನಾಗಿ ಬಂದಿದೆ, ನಮ್ಮ ಲ್ಯಾಬಿನಲ್ಲಿ ಒಮ್ಮೆಯೂ ಹೀಗೆ ಬರಲಿಲ್ಲ ಎಂದು ತ್ರಿಶಲಾಳಿಗೆ ವಿವರಿಸತೊಡಗಿದರು. ವರದಾ ಮುಗಿಯುವವರೆಗೆ ಕಾದಳು.

“ಸರ್, ಇದು ನಿಮ್ಮ ಬಾಯಾಗಿಂದರೀ,” ಅಂದಳು.

ಪಕ್ಕದ ತಟ್ಟೆ ಜಿನಮತಿಯದು. ಅದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೆ.

ಆ ಸಂಜೆ ಪೀರನವಾಡಿಯ ಮನೆಯಲ್ಲಿ ಸರ್ ಅವರಿಗೆ ತಮ್ಮದೇ ಬಸದಿಯ ಪಾಠ ನೆನಪಾಯಿತು. ನಿವೃತ್ತಿಯ ನಂತರ ಅವರು ಭಾನುವಾರ ಬಸದಿಯಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದರು. ಸೂಕ್ಷ್ಮ ಜೀವಿಗಳನ್ನು ನಮ್ಮ ಹಿರಿಯರು ಸೂಕ್ಷ್ಮದರ್ಶಕವಿಲ್ಲದೇ ಅರಿತಿದ್ದರು, ಅದಕ್ಕೇ ನೀರು ಸೋಸಿ ಕುಡಿಯಬೇಕು, ಆಲೂಗಡ್ಡೆ ತಿನ್ನಬಾರದು, ಒಂದು ಆಲೂಗಡ್ಡೆ ಎಂದರೆ ಅನಂತ ಜೀವಗಳ ಒಂದು ಊರು ಎಂಬುದು ಅವರ ಮೆಚ್ಚಿನ ವಿಷಯ. ಹುಟ್ಟಿದಾಗಿನಿಂದ ಒಂದು ಆಲೂಗಡ್ಡೆಯನ್ನೂ ಮುಟ್ಟದ ತಾವು ಅಂಗುಳದಲ್ಲಿ ಒಂದು ತಾಲ್ಲೂಕನ್ನೇ ಸಾಕಿಕೊಂಡಿದ್ದೇವೆ ಎಂದು ಅವರಿಗೆ ಆಗ ಅನ್ನಿಸಿತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ವರದಾ ಔಷಧದ ಹನಿ ಬರೆದುಕೊಟ್ಟಿದ್ದಳು. ಆ ಹನಿ ಬಿಟ್ಟುಕೊಂಡರೆ ಅಷ್ಟೂ ಜೀವಗಳು ಸಾಯುತ್ತವೆ. ತಿಳಿದು ತಿಳಿದು ಹೇಗೆ ಬಿಟ್ಟುಕೊಳ್ಳುವುದು? ಬಾಟಲಿಯನ್ನು ಕೈಯಲ್ಲಿ ಹಿಡಿದು, ಹಿಂಸೆಯಲ್ಲಿ ಎಷ್ಟು ಬಗೆ ಎಂದು ಅವರು ಮಗಳಿಗೂ ಹೆಂಡತಿಗೂ ದೀರ್ಘವಾಗಿ ಹೇಳುತ್ತ ಹೋದರು.

ಜಿನಮತಿ ಕಾಳು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಬೆಳಸೂ ಮುಂದ ಯಾರನ್ನೂ ಕೇಳಲಿಲ್ಲ. ಈಗ ಕೊಲ್ಲೂ ಮುಂದ ಎಲ್ಲಾರನ್ನೂ ಕೇಳಾಕತ್ತೀರಿ,” ಎಂದರು.

ಸರ್ ಹನಿ ಬಿಟ್ಟುಕೊಂಡರು. ಬಿಟ್ಟುಕೊಳ್ಳುವಾಗ ಪ್ರತಿ ಸಲ ಮನಸ್ಸಿನಲ್ಲೇ ಕ್ಷಮೆ ಕೇಳಿದರು. ಹದಿನೈದು ದಿನಗಳೊಳಗೆ ಅಂಗುಳ ತಿಳಿಗೆಂಪಾಯಿತು, ಚಹಾ ಮತ್ತೆ ಚಹಾದಂತೆ ರುಚಿಸಿತು.

ಮತ್ತೆ ತೋರಿಸಲು ಹೋದಾಗ ವರದಾ ತನ್ನ ಸಂಶೋಧನೆಯ ಮಾತು ತೆಗೆದಳು. ಹಳೆಯ ಅಸ್ತರ ಹೇಗೂ ಕೆಟ್ಟಿದೆ, ಕಿತ್ತು ಹೊಸದು ಹಾಕಬೇಕು. ತಾನು ಒಂದು ಹೊಸ ಬಗೆಯ ಅಸ್ತರ ಪರೀಕ್ಷಿಸುತ್ತಿದ್ದೇನೆ, ಅದರಲ್ಲಿ ಬೆಳ್ಳಿಯ ನ್ಯಾನೋ ಕಣಗಳನ್ನು ಬೆರೆಸಿದೆ ಎಂದಳು. ಕೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ಸಣ್ಣವು. ಅಷ್ಟು ಸಣ್ಣದಾದಾಗ ಬೆಳ್ಳಿ ಅಸ್ತರದ ಮೈಯೆಲ್ಲ ಹರಡಿ, ಒಂದಿಷ್ಟೇ ಹೊರಗೆ ಸೂಸುತ್ತ, ಬಂದು ಕೂತ ಶಿಲೀಂಧ್ರದ ಗೋಡೆಯನ್ನು ಮುರಿಯುತ್ತದೆ, ಅದು ಅಲ್ಲಿ ಪದರವಾಗಿ ಬೆಳೆಯಲು ಬಿಡುವುದಿಲ್ಲ. ಹನಿಯಾದರೆ ಉಗುಳಿನಲ್ಲಿ ತೊಳೆದುಹೋಗುತ್ತದೆ, ಇದು ಅಸ್ತರದೊಳಗೇ ಇರುತ್ತದೆ. ಪ್ರಯೋಗಾಲಯದಲ್ಲಿ ಚೆನ್ನಾಗಿ ಕೆಲಸ ಮಾಡಿದೆ, ಮನುಷ್ಯರ ಬಾಯಲ್ಲಿ ಹೇಗೋ ನೋಡಬೇಕು. ಅರ್ಧ ಜನಕ್ಕೆ ಬೆಳ್ಳಿಯದು, ಅರ್ಧ ಜನಕ್ಕೆ ಸಾದಾ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿರುವುದಿಲ್ಲ, ತನಗೂ ಗೊತ್ತಿರುವುದಿಲ್ಲ, ತನ್ನ ಮಾರ್ಗದರ್ಶಕರಿಗೆ ಮಾತ್ರ ಗೊತ್ತು. ಎರಡರ ಬಣ್ಣವೂ ಒಂದೇ.

ಸರ್ ಒಂದೇ ಪ್ರಶ್ನೆ ಕೇಳಿದರು. ಇದು ಶಿಲೀಂಧ್ರವನ್ನು ಕೊಲ್ಲುತ್ತದೆಯೋ, ಬರದಂತೆ ತಡೆಯುತ್ತದೆಯೋ? ಎರಡೂ ಮಾಡುತ್ತದೆ ಎಂದು ವರದಾ ನೇರವಾಗಿ ಹೇಳಿದಳು. ತಡೆಯುವುದು ಎಂಬ ಅರ್ಧವನ್ನು ಮಾತ್ರ ಸರ್ ಕಿವಿಯಲ್ಲಿ ಹಾಕಿಕೊಂಡರು. ಮನೆ ಖಾಲಿ ಮಾಡಿಸುವುದಕ್ಕಿಂತ ಬಾಡಿಗೆಗೇ ಕೊಡದಿರುವುದು ಅಹಿಂಸೆಗೆ ಹತ್ತಿರ ಎಂದು ಸಮಾಧಾನ ಮಾಡಿಕೊಂಡು ಒಪ್ಪಿದರು. ಜಿನಮತಿಯೂ ಒಪ್ಪಿದರು. ಇಬ್ಬರಿಗೂ ಹೊಸ ಅಸ್ತರ ಬಂತು. ಹಗಲು ಹಾಕಿಕೊಳ್ಳಿ, ಊಟವಾದ ಮೇಲೆ ತೊಳೆಯಿರಿ, ರಾತ್ರಿ ತೆಗೆದಿಡಿ, ಅಸ್ತರ ಯಾವುದೇ ಇರಲಿ ಇದನ್ನು ಮಾತ್ರ ತಪ್ಪಿಸಬೇಡಿ ಎಂದು ವರದಾ ಇಬ್ಬರಿಗೂ ಬಿಡಿಸಿ ಬಿಡಿಸಿ ಹೇಳಿದಳು.

ಖಾನಾಪುರದ ಬಸ್ಸು ಹತ್ತುವ ಮೊದಲೇ ಸರ್ ಅವರಿಗೆ ಖಾತ್ರಿಯಾಗಿತ್ತು, ತಮಗೆ ಬಂದದ್ದು ಬೆಳ್ಳಿಯದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿದರೆ ಬೆಳ್ಳಿ ಚಮಚ ನೆಕ್ಕಿದ ರುಚಿ. ನಿನಗೆ ಹೇಗನ್ನಿಸುತ್ತದೆ ಎಂದು ಜಿನಮತಿಯನ್ನು ಕೇಳಿದರು. ರಬ್ಬರಿನ ಹಾಗೆ ಎಂದರು ಅವರು. ಅಲ್ಲಿಗೆ ಸಾಬೀತಾಯಿತು. ಪಾಪ, ಇವಳಿಗೆ ಸಾದಾ ಬಂತಲ್ಲ ಎಂದು ಸರ್ ಮರುಗಿದರು ಕೂಡ.

ಊರಿಗೆ ಬಂದು ಗುರುಪಾದಪ್ಪನಿಗೆ ಹೇಳಿದರು. ಗುರುಪಾದಪ್ಪನಿಗೆ ಹೇಳಿದರೆ ಮತ್ತೆ ಯಾರಿಗೂ ಹೇಳಬೇಕಾಗಿರಲಿಲ್ಲ. ಸ್ಟೇಶನ್ ರಸ್ತೆಯ ಚಹಾದಂಗಡಿಯಲ್ಲಿ ಜನ ಅವರ ಬಾಯಿ ನೋಡಲು ಬಗ್ಗತೊಡಗಿದರು. ಬೆಳ್ಳಿಯ ರೇಟು ಏರಿದ್ದ ದಿನಗಳವು. ಮಲಗುವಾಗ ಬಾಗಿಲು ಭದ್ರ ಮಾಡಿಕೊಳ್ಳಿ ಸರ್ ಎಂದು ಒಬ್ಬ ಅಂದ. ಸರ್ ಅದನ್ನು ಹೊಗಳಿಕೆ ಎಂದುಕೊಂಡರು.

ಇನ್ನು ರಾತ್ರಿ ತೆಗೆಯುವ ವಿಷಯ. ತಾವು ತೆಗೆಯದಿದ್ದುದು ಸೋಮಾರಿತನದಿಂದ ಅಲ್ಲ, ವಿಜ್ಞಾನದ ಮೇಲಿನ ಗೌರವದಿಂದ ಎಂದು ಅವರು ಆಗ ಪ್ರಾಮಾಣಿಕವಾಗಿಯೇ ನಂಬಿದ್ದರು. ಅವರ ತರ್ಕ ಹೀಗೆ ಓಡಿತು. ಬೆಳ್ಳಿಗೆ ಶಕ್ತಿ ಇದೆಯೋ ಇಲ್ಲವೋ ನೋಡಬೇಕು. ನಾವೇ ದಿನಾ ಉಜ್ಜಿ ತೊಳೆದು ಇಟ್ಟರೆ ಶಿಲೀಂಧ್ರ ಬರದಿದ್ದುದರ ಕೀರ್ತಿ ಬ್ರಷ್ಷಿಗೆ ಹೋಗುತ್ತದೆಯೇ ಹೊರತು ಬೆಳ್ಳಿಗಲ್ಲ. ಸುಲಭದ ಪ್ರಶ್ನೆ ಕೊಟ್ಟು ಜಾಣ ಹುಡುಗನನ್ನು ಅಳೆಯಲಾದೀತೇ? ಆದ್ದರಿಂದ ಬೆಳ್ಳಿಗೆ ಕಠಿಣ ಪ್ರಶ್ನೆಪತ್ರಿಕೆಯನ್ನೇ ಕೊಡಬೇಕು. ಹೀಗೆ ಅವರು ಸೆಟ್ಟನ್ನು ತೆಗೆಯದೇ ಮಲಗಿದರು, ಎದ್ದು ಒಂದು ಸಲ ಬಾಯಿ ಮುಕ್ಕಳಿಸಿ ಕೆಲಸ ಮುಗಿಸಿದರು. ವರದಾ ಕೇಳಿದಾಗ ‘ಹೂಂ, ಹೂಂ’ ಎಂದರು. ಅದು ಸುಳ್ಳಲ್ಲ, ಹೂಂ ಎಂದರೆ ನಿಮ್ಮ ಮಾತು ಕೇಳಿಸಿತು ಎಂದೂ ಆಗುತ್ತದೆ ಎಂಬುದು ಅವರ ಇನ್ನೊಂದು ತರ್ಕ.

ಆ ವರ್ಷ ಮಳೆ ಬಿಡದೆ ಹಿಡಿಯಿತು. ಚಾತುರ್ಮಾಸ ಶುರುವಾಯಿತು, ಸೊಪ್ಪು ಬಿಟ್ಟರು, ಉಪ್ಪಿನಕಾಯಿಯ ಭರಣಿಗೆ ಬೂಷ್ಟು ಹತ್ತದಂತೆ ಜಿನಮತಿ ದಿನಾ ಬಟ್ಟೆ ಬದಲಿಸಿದರು, ಹಪ್ಪಳಗಳನ್ನು ಒಲೆಯ ಬದಿಗೆ ಸರಿಸಿದರು. ಸರ್ ಬಸದಿಯ ಪಾಠದಲ್ಲಿ, ಜೀವ ಹುಟ್ಟಿದ ಮೇಲೆ ಕೊಲ್ಲುವುದಲ್ಲ, ಹುಟ್ಟುವ ಹಾಗೆ ಹೊಲಸು ಬಿಡದಿರುವುದೇ ಅಹಿಂಸೆ, ಎಚ್ಚರ ತಪ್ಪುವುದೇ ಹಿಂಸೆಯ ಬೇರು ಎಂದು ಸೊಗಸಾಗಿ ಹೇಳಿದರು. ಹೇಳುವಾಗ ಸೆಟ್ಟು ಅಲುಗಲೂ ಇಲ್ಲ.

ಶ್ರಾವಣದ ಕೊನೆಯಲ್ಲಿ ತಟ್ಟೆಗಳ ಫಲಿತಾಂಶ ಬಂತು. ಜಿನಮತಿಯ ತಟ್ಟೆ ತೊಳೆದಿಟ್ಟ ಹಾಗಿತ್ತು. ಸರ್ ಅವರ ತಟ್ಟೆಯಲ್ಲಿ ಮತ್ತೆ ಅದೇ ಕೆನೆಯ ಚುಕ್ಕೆಗಳು, ದಟ್ಟವಾಗಿ. ಅಂಗುಳವೂ ಮತ್ತೆ ಕೆಂಪಾಗತೊಡಗಿತ್ತು. ವರದಾ ಬರೆದುಕೊಂಡಳು. ಸರ್ ಮಾತ್ರ ಎರಡೂ ತಟ್ಟೆಗಳನ್ನು ಮತ್ತೆ ಮತ್ತೆ ನೋಡಿದರು. ಹಾಗಾದರೆ ಬೆಳ್ಳಿ ಜಿನಮತಿಯದು. ತಮ್ಮ ಬಾಯಲ್ಲಿದ್ದದ್ದು ಸಾದಾ ರಬ್ಬರು. ಇಷ್ಟು ತಿಂಗಳು ತಾವು ಚಮಚದ ರುಚಿ ಎಂದುಕೊಂಡದ್ದು ಏನು?

ಅಂದಿನಿಂದ ಅವರಿಗೆ ಹೆಂಡತಿಯ ಮೇಲೆ ಒಂದು ಬಗೆಯ ಹೊಟ್ಟೆಕಿಚ್ಚು ಹತ್ತಿತು. ಬಟ್ಟಲಲ್ಲಿ ಮುಳುಗಿದ್ದ ಅವರ ಸೆಟ್ಟಿನ ಕಡೆ ಆಗಾಗ ನೋಡುವರು. ಒಮ್ಮೆ ಎತ್ತಿ ಕಿಟಕಿಯ ಬೆಳಕಿಗೂ ಹಿಡಿದು ಸಿಕ್ಕಿಬಿದ್ದರು. ಏನು ನೋಡುತ್ತಿದ್ದೀರಿ ಎಂದು ಜಿನಮತಿ ಕೇಳಿದ್ದಕ್ಕೆ, ತೊಳೆದದ್ದು ಸರಿಯಾಗಿದೆಯೋ ಇಲ್ಲವೋ ನೋಡುತ್ತಿದ್ದೆ ಎಂದರು. ಚಹಾದಂಗಡಿಯಲ್ಲಿ ಬೆಳ್ಳಿಯ ಮಾತು ಬಂದಾಗಲೆಲ್ಲ ಎದ್ದುಬಿಡುತ್ತಿದ್ದರು. ಕೊನೆಗೆ ಗುರುಪಾದಪ್ಪನ ಹತ್ತಿರ, ಬೆಳ್ಳಿ ನನ್ನದಲ್ಲ, ಮನೆಯವರದು ಎಂದು ಒಪ್ಪಿಕೊಂಡರು. ಮನೆಯಲ್ಲಿಯೇ ಇದೆಯಲ್ಲ ಬಿಡ್ರಿ ಎಂದು ಗುರುಪಾದಪ್ಪ ಸಮಾಧಾನ ಹೇಳಿದರು.

ದೀಪಾವಳಿ ಮುಗಿದು ಸ್ವಲ್ಪ ದಿನಕ್ಕೆ ವರದಾಳ ಫೋನು ಬಂತು. ಅಧ್ಯಯನ ಮುಗಿದಿದೆ, ಯಾರಿಗೆ ಯಾವ ಅಸ್ತರ ಎಂಬ ಗುಟ್ಟು ಒಡೆದಿದೆ, ಇಬ್ಬರೂ ಒಮ್ಮೆ ಬಂದು ಹೋಗಬೇಕು ಎಂದಳು. ಅವಳ ದನಿಯಲ್ಲಿ ಏನೋ ದಣಿವಿತ್ತು.

ಅವಳು ಅವರನ್ನು ಕೂರಿಸಿ ಕಂಪ್ಯೂಟರಿನ ಪರದೆ ತಿರುಗಿಸಿದಳು. ಚಿತ್ರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ. ಮೇಲೆ ಹೋದಷ್ಟೂ ಶಿಲೀಂಧ್ರ ಹೆಚ್ಚು. ಸಾದಾ ಅಸ್ತರದವರ ಚುಕ್ಕೆಗಳು ಎತ್ತರದಲ್ಲಿ ಚೆದುರಿದ್ದವು. ಬೆಳ್ಳಿಯವರದು ಕೆಳಗೆ, ಒಟ್ಟಿಗೆ, ಕುರಿಗಳು ಮಲಗಿದ ಹಾಗೆ. ಬೆಳ್ಳಿ ಕೆಲಸ ಮಾಡಿತ್ತು. ಸರ್ ಖುಷಿಯಿಂದ ತಲೆಯಾಡಿಸಿದರು. ಆಗ ಅವರ ಕಣ್ಣಿಗೆ, ಬೆಳ್ಳಿಯ ಗುಂಪಿನಲ್ಲೇ, ಎಲ್ಲಕ್ಕಿಂತ ಮೇಲೆ, ಪರದೆಯ ಅಂಚಿಗೆ ತಾಗುವಂತೆ ಒಂದು ಒಂಟಿ ಚುಕ್ಕೆ ಬಿತ್ತು. ಇದು ಯಾರದೆಂದು ಅವರು ಕುತೂಹಲದಿಂದ ಕೇಳಿದರು.

“ನಿಮ್ಮದ್ರೀ ಸರ್,” ಅಂದಳು ವರದಾ.

ಸಾದಾ ಗುಂಪಿನಲ್ಲಿ ಎಲ್ಲಕ್ಕಿಂತ ಕೆಳಗಿದ್ದ ಚುಕ್ಕೆ ಜಿನಮತಿಯದಾಗಿತ್ತು.

ತಾವು ಮೊದಲು ಅಂದುಕೊಂಡದ್ದೇ ಸರಿ ಎಂದು ತಿಳಿದಾಗ ಸಾಮಾನ್ಯವಾಗಿ ಮನುಷ್ಯನಿಗೆ ಸಂತೋಷವಾಗಬೇಕು. ಬೆಳ್ಳಿ ತಮ್ಮದೇ ಆಗಿತ್ತು, ನಾಲಿಗೆ ಸುಳ್ಳು ಹೇಳಿರಲಿಲ್ಲ. ಸರ್ ಅವರಿಗೆ ಕೂತ ಕುರ್ಚಿಯೊಳಗೆ ಇಳಿದುಹೋಗಬೇಕು ಅನ್ನಿಸಿತು. ಸಾದಾ ರಬ್ಬರೆಂಬ ನೆಪವಾದರೂ ಇತ್ತು, ಅದೂ ಹೋಯಿತು.

ವರದಾ ಮುಂದೆ ಹೇಳಿದ್ದನ್ನು ಕೇಳಿ ಅವರಿಗೆ ಇನ್ನೂ ಕಷ್ಟವಾಯಿತು. ಆ ಒಂದು ಚುಕ್ಕೆ ನೋಡಿ ಅವಳು ಗಾಬರಿಯಾಗಿದ್ದಳು. ಕಣಗಳು ಸರಿಯಾಗಿ ಹರಡದೆ ಗಂಟು ಕಟ್ಟಿದವೇ, ಮಿಶ್ರಣ ಕೆಟ್ಟಿತೇ, ಬೆಳ್ಳಿಗೆ ಒಗ್ಗಿಹೋದ ಹೊಸ ತಳಿಯೇ ಅದು ಎಂದು ಹಬ್ಬದ ರಜೆಯನ್ನೂ ಬಿಟ್ಟು ಪ್ರಯೋಗಾಲಯದಲ್ಲಿ ಕೂತು ಮತ್ತೆ ಮತ್ತೆ ಕಲಸಿ, ಅವರ ಬಾಯಿಯ ಶಿಲೀಂಧ್ರವನ್ನೇ ಅದರ ಮೇಲೆ ಬೆಳೆಸಿ ನೋಡಿದ್ದಳು. ಪ್ರತಿ ಸಲವೂ ಅದು ಸಾಯುತ್ತಿತ್ತು. ಬಾಯಲ್ಲಿ ಮಾತ್ರ ಏಕೆ ಬದುಕಿತು ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ.

“ಸರ್, ರಾತ್ರಿ ತೆಗದಿಡ್ತಿದ್ರಿ ಹೌದಲ್ರೀ?”

ಜಿನಮತಿ ಕಿಟಕಿಯ ಕಡೆ ನೋಡಿದರು. ಬೇಕಾಗಿದ್ದರೆ ಅವರು ಆಗಲೇ ಹೇಳಬಹುದಿತ್ತು, ಹೇಳಲಿಲ್ಲ. ಒಪ್ಪಿಕೊಳ್ಳುವುದನ್ನು ತಮಗೇ ಬಿಟ್ಟಿದ್ದಾರೆಂದು ಸರ್ ಅವರಿಗೆ ಅರ್ಥವಾಯಿತು.

“ಇಲ್ಲವ್ವಾ,” ಎಂದರು. “ಒಂದ ದಿನಾನೂ ತೆಗದಿಲ್ಲ. ಬೆಳ್ಳಿಗೆ ಕಠಿಣ ಪರೀಕ್ಷೆ ಇಡಬೇಕಂತ ಮಾಡಿದ್ದೆ. ಅದೂ ಖರೇ ಅಲ್ಲ. ಹಲ್ಲಿಲ್ಲದ ಮಾರಿ ಇವರಿಗೆ ತೋರ್ಸಾಕ ನಾಚಿಗಿ ಬಂತು.”

ವರದಾ ಬೈಯುತ್ತಾಳೆಂದು ಅವರು ಕಾದರು. ಅವಳು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು, ಒಂದು ದೊಡ್ಡ ಉಸಿರು ಬಿಟ್ಟಳು. ಬೆಳ್ಳಿ ಕೆಲಸ ಮಾಡಬೇಕಾದರೆ ಶಿಲೀಂಧ್ರ ಅದರ ಮೈಗೆ ತಾಗಬೇಕು. ಅನ್ನದ ಅಂಟು, ಉಗುಳಿನ ಪೊರೆ ಹಗಲು ರಾತ್ರಿ ಅದರ ಮೇಲೆ ಕೂತರೆ ಬೆಳ್ಳಿ ಕೆಳಗೆ ಹೂತುಹೋಗುತ್ತದೆ, ಶಿಲೀಂಧ್ರ ಆ ಹೊಲಸಿನ ಮೇಲೆ ಆರಾಮಾಗಿ ಕೂರುತ್ತದೆ ಎಂದು ವಿವರಿಸಿದಳು. ವಿವರಿಸುತ್ತ ವಿವರಿಸುತ್ತ ಅವಳ ದಣಿವು ಇಳಿದ ಹಾಗೆ ಕಂಡಿತು. ತನ್ನ ಅಸ್ತರ ಕೆಟ್ಟಿರಲಿಲ್ಲವಲ್ಲ. ತಮ್ಮ ಚುಕ್ಕೆಯನ್ನು ತೆಗೆದುಹಾಕಿಬಿಡು ಎಂದು ಸರ್ ಕೇಳಿಕೊಂಡರು. ಅವಳು ಒಪ್ಪಲಿಲ್ಲ. ಚುಕ್ಕೆ ಇದ್ದಲ್ಲೇ ಇರುತ್ತದೆ, ಏಕೆ ಹಾಗಾಯಿತೆಂದು ಕೆಳಗೆ ಬರೆಯುತ್ತೇನೆ, ಹೆಸರು ಮಾತ್ರ ಹಾಕುವುದಿಲ್ಲ, ಹೇಳಿದ್ದನ್ನು ಮಾಡದ ಜನ ಊರಲ್ಲಿ ಇನ್ನೂ ಇರುತ್ತಾರಲ್ಲ ಎಂದಳು. ಹೆಸರು ಹಾಕಿದರೂ ನಡೆಯುತ್ತದೆ ಎಂದು ಸರ್ ಹೇಳಿದರು.

ಅಂದು ಸಂಜೆ ಖಾನಾಪುರದ ಮನೆಯಲ್ಲಿ, ಇನ್ನೂ ಬೆಳಕಿರುವಾಗಲೇ ಊಟ ಮುಗಿಸಿ, ಸರ್ ಮೋರಿಯ ಹತ್ತಿರ ಹೋಗಿ ಎರಡೂ ಸೆಟ್ಟು ತೆಗೆದು ತೊಳೆದರು. ಇನ್ನೊಂದು ಬಟ್ಟಲು ಹುಡುಕಿ ನೀರು ತುಂಬಿ ಅದರಲ್ಲಿ ಇಟ್ಟರು. ಆಮೇಲೆ ಪಡಸಾಲೆಗೆ ಬಂದು, ಪರೀಕ್ಷಾ ಕೊಠಡಿಗೆ ಬಂದ ಹುಡುಗನ ಹಾಗೆ ಹೆಂಡತಿಯ ಎದುರು ಕೂತರು. ಜಿನಮತಿ ಅವರ ಮುಖವನ್ನು ಅತ್ತಿಂದ ಇತ್ತಿಂದ ಸಾವಕಾಶ ನೋಡಿದರು.

“ನಿಮ್ಮ ಅವ್ವನ ಹಂಗ ಕಾಣ್ತೀರಿ,” ಎಂದರು. “ನನಗ ಆಕಿ ಬಾಳ ಸೇರ್ತಿದ್ಲು.”

ಸರ್ ಏನೋ ಹೇಳಲು ಹೋದರು. ಬಂದದ್ದು ಬರೀ ಗಾಳಿ. ಇಬ್ಬರೂ ಬೋಳು ಬಾಯಲ್ಲಿ ನಕ್ಕರು. ಆಮೇಲೆ ಧಾರಾವಾಹಿ ಶುರುವಾಯಿತು.

ಮತ್ತೆ ಹನಿ ಬಿಟ್ಟುಕೊಂಡು, ಮತ್ತೆ ಅಷ್ಟೂ ಜೀವಗಳ ಕ್ಷಮೆ ಕೇಳಿ, ಅವರ ಅಂಗುಳ ಗುಣವಾಯಿತು. ವರದಾ ಹೊಸದಾಗಿ ಹಾಕಿಕೊಟ್ಟ ಬೆಳ್ಳಿಯ ಅಸ್ತರ ಈ ಸಲ ಚೊಕ್ಕಟವಾಗಿ ಉಳಿದಿದೆ. ಕೀರ್ತಿ ಬೆಳ್ಳಿಗೋ ಬ್ರಷ್ಷಿಗೋ ಎಂದು ಸರ್ ಈಗ ಲೆಕ್ಕ ಹಾಕಲು ಹೋಗುವುದಿಲ್ಲ. ಬಸದಿಯ ಪಾಠದಲ್ಲಿ ಎಚ್ಚರ ತಪ್ಪುವುದರ ಮಾತು ಬಂದಾಗ ಉದಾಹರಣೆಗೆ ಯಾರ ಬೆಲ್ಟನ್ನೂ ಬಿಚ್ಚಿಸುವುದಿಲ್ಲ, ತಮ್ಮ ಕಥೆಯನ್ನೇ ಹೇಳುತ್ತಾರೆ. ಹುಡುಗರಿಗೆ ಅಹಿಂಸೆಗಿಂತ ಅದೇ ಹೆಚ್ಚು ನೆನಪಿರುತ್ತದೆಂದು ಅವರ ಅನುಮಾನ.

ವರದಾ ಪದವಿ ಪಡೆದು ಹೋದ ಮೇಲೆ ಅವಳ ಜಾಗಕ್ಕೆ ಬಂದ ಪೂರ್ವಾ ಎಂಬ ಹುಡುಗಿ ಫೋನು ಮಾಡಿದಳು. ಸೆಟ್ಟು ತೊಳೆಯುವ ಹೊಸ ಗುಳಿಗೆಯ ಮೇಲೆ ಅಧ್ಯಯನ, ಜಿನಮತಿ ಅಮ್ಮನವರು ಸೇರಬೇಕಂತ ವರದಾ ಡಾಕ್ಟರು ಹೆಸರು ಕೊಟ್ಟು ಹೋಗಿದ್ದಾರೆ ಎಂದಳು. ಫೋನು ಎತ್ತಿದ್ದ ಸರ್, ನನ್ನ ಹೆಸರು ಕೊಟ್ಟಿಲ್ಲವೇ ಎಂದು ಕೇಳಿದರು. ಆ ಕಡೆ ಕಾಗದ ಮಗುಚಿದ ಸಪ್ಪಳವಾಯಿತು. ಸರ್ ಜೊತೆಗೆ ಬರಬಹುದು ಎಂದು ಹೇಳಿದ್ದಾರೆ ಎಂದಳು ಹುಡುಗಿ, ಮರ್ಯಾದೆಯಿಂದ.

ಅವರು ಹೋಗುತ್ತಾರೆ. ಜಿನಮತಿ ಒಳಗೆ ಕುರ್ಚಿಯಲ್ಲಿದ್ದಾಗ ಸರ್ ಹೊರಗಿನ ಬೆಂಚಿನ ಮೇಲೆ ಚೀಲ ಹಿಡಿದು ಕೂತು, ಪಕ್ಕದವರಿಗೆ ಶಿಲೀಂಧ್ರಗಳ ಬಗ್ಗೆ ಹೇಳುತ್ತಿರುತ್ತಾರೆ. ಕಳೆದ ಸಲ ಬೀಡಿ ಊರಿನ ಚಂದ್ರವ್ವ ಎಂಬ ಹೆಂಗಸು ಎಲ್ಲವನ್ನೂ ಬಾಯಿ ತೆರೆದುಕೊಂಡು ಕೇಳಿಸಿಕೊಂಡು, ನೀವು ಇಲ್ಲಿಯ ದೊಡ್ಡ ಡಾಕ್ಟರೇನ್ರೀ ಎಂದಳು.

“ಅಲ್ಲವ್ವಾ,” ಎಂದರು ಸರ್. “ನಾ ಕಂಪನಿ ಕೊಡಾಕ ಬಂದೀನಿ.”